ಹೊಗೆಗೊಳವೆಯ ಕಾವು

ಹಿರೀಸಾವೆಯ ಮೂಲಕ ಸಾಗುವ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ, ಹಾಸನ, ಸಕಲೇಶಪುರಗಳನ್ನು ದಾಟಿ ಶಿರಾಡಿ ಘಟ್ಟವನ್ನಿಳಿದರೆ ಧರ್ಮಸ್ಥಳದ ದಾರಿ ದೊರೆಯುತ್ತದೆ. ಅಲ್ಲಿ ಹಳೆಯ ಮೋಟಾರು ಕಾರುಗಳ ದೊಡ್ಡ ಸಂಗ್ರಹವಿದೆ. ಇಂಥ ಕಾರುಗಳ ಮೆತ್ತನೆಯ ಆಸನ, ಹೊಳೆಯುವ ದೀಪಗಳನ್ನು ಕಂಡು ಬೆರಗಾಗುವ ನಾವು ಅವುಗಳ ಅಡಿಭಾಗವನ್ನು ಬಗ್ಗಿ ನೋಡುವುದು ಅಪರೂಪ. ಆದರೆ ಸವಾರಿಯ ಸುಖದ ಗುಟ್ಟು ಬಹುಮಟ್ಟಿಗೆ ಅಲ್ಲಿಯೇ ಅಡಗಿದೆ.

1906ರಲ್ಲಿ ಹೊರಬಂದ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್ ಕಾರಿನ ಆರು ಸಿಲಿಂಡರುಗಳ ಒಟ್ಟು ಗಾತ್ರ ಸುಮಾರು 7 ಲೀಟರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಯಲ್ಲಿಯೂ ರೋಲ್ಸ್-ರಾಯ್ಸ್ ಕಾರುಗಳಿದ್ದವು. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು 8000 ಕಿಲೋಕ್ಯಾಲೊರಿ ಶಾಖ ಹುಟ್ಟುತ್ತದೆ. ಅದರಲ್ಲಿ ಮೂರರಲ್ಲೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆಂದು ಇಟ್ಟುಕೊಳ್ಳೋಣ. ಮೂವತ್ತೈದು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು! ಈ ಕಾವನ್ನು ಹೊತ್ತ ಕಬ್ಬಿಣದ ಕೊಳವೆ ಪ್ರಯಾಣಿಕರ ಪಾದಗಳ ಕೆಳಗೇ ಹಾದುಹೋಗಬೇಕು.

ಶಾಖವು ಮೂರು ಬಗೆಯಲ್ಲಿ ಒಳನುಗ್ಗುತ್ತದೆ: ವಹನ, ಸಂವಹನ, ವಿಕಿರಣ. ಮೊದಲನೆಯದಕ್ಕೆ ತಡೆ ಮರದ ಹಲಗೆಯ ನೆಲ. ಮರಕ್ಕಿಂತ ಕಬ್ಬಿಣವು ನೂರಾರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹಲಗೆಯ ಮೇಲೆ ಉಣ್ಣೆಯ ಹಾಸು. ಕೊಳವೆಗೂ ನೆಲಕ್ಕೂ ನಡುವೆ ಅಂತರವಿಟ್ಟರೆ ಬೀಸುವ ಗಾಳಿಯೇ ಬಿಸಿಯನ್ನು ಹಿಂದಕ್ಕೆ ಒಯ್ಯುತ್ತದೆ. ಘಟ್ಟವನ್ನೇರುವಾಗ ಮಾತ್ರ ಎಂಜಿನಿನ ದುಡಿಮೆ ಹೆಚ್ಚು, ಗಾಳಿಯ ವೇಗ ಕಡಿಮೆ; ಆಗಲೇ ಕಾಲಿಗೆ ಬಿಸಿ ತಟ್ಟುವುದು. ಅದು ಮೊದಲು ತಟ್ಟುತ್ತಿದ್ದುದು ಎಂಜಿನಿಗೆ ಹತ್ತಿರ ಕುಳಿತ ಚಾಲಕನಿಗೆ, ಹಿಂದೆ ಕುಳಿತ ಒಡೆಯನಿಗಲ್ಲ.

ವಿಕಿರಣವು ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. 27 ಡಿಗ್ರಿ ಸೆಂಟಿಗ್ರೇಡಿನಲ್ಲಿರುವ ಕೊಳವೆ 327 ಡಿಗ್ರಿಗೇರಿದರೆ ಅದು ಸೂಸುವ ಶಾಖ ಹದಿನಾರು ಪಟ್ಟಾಗುತ್ತದೆ. ನುಣುಪಾದ ಲೋಹದ ತಗಡು ಇದನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಹಿಂದೆ ಕಲ್ನಾರನ್ನೂ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ತಿಳಿದ ಮೇಲೆ ಅನೇಕ ದೇಶಗಳು ಅದನ್ನು ನಿಷೇಧಿಸಿದವು.

ಕಾವಿಗಿಂತಲೂ ದೊಡ್ಡ ಅಪಾಯ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ, ಕೊಳವೆ ಸೋರಿದರೆ ಒಳಗಿದ್ದವರಿಗೆ ಅರಿವಾಗುವ ಮೊದಲೇ ಪ್ರಾಣಕ್ಕೆ ಕುತ್ತು. ಆದುದರಿಂದ ನೆಲದ ಬಿರುಕುಗಳನ್ನು ಮುಚ್ಚುವುದು ಕೇವಲ ಸುಖದ ಮಾತಲ್ಲ.

ಈ ಪಾಠ ಹಳೆಯದಾಗಿಲ್ಲ. ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿಯನ್ನೂ ರಾಗಿಯನ್ನೂ ರಸ್ತೆಯ ಮೇಲೆ ಒಕ್ಕಣೆಗೆ ಹರಡುವುದುಂಟು. ಒಣಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡು ಕಾದ ಕೊಳವೆಗೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅಂಥ ಕಡೆ ಹಾದುಬಂದ ಚಾಲಕನು ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಒಮ್ಮೆ ಬಗ್ಗಿ ನೋಡುವುದು ಲೇಸು.