ಟೊಮೇಟೊ ದುಡ್ಡು, ನೂರೈವತ್ತು ಕುದುರೆ

ಮೊನ್ನೆ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ, ಫೋನು. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಯುವ ರೈತ. 'ಸಾರ್, ಈ ಸಲ ಟೊಮೇಟೊ ಕೈ ಹಿಡೀತು. ವರ್ಟಸ್ ಜಿಟಿ ತಗೋಬೇಕು ಅಂತಿದ್ದೀನಿ, ಏನಂತೀರಾ?' ಸಾಲ ಎಷ್ಟಪ್ಪಾ ಅಂದೆ. ಹತ್ತು ಲಕ್ಷವಂತೆ.

ಕಾರು ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಸ್ಕೋಡಾ ಸ್ಲಾವಿಯಾಗೂ ಇದೇ ಎಂಜಿನ್. ಹ್ಯುಂಡೈ ವರ್ನಾ ಟರ್ಬೊದ್ದು 160. ಈ ಹತ್ತರ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೋಬೇಡಿ. ಎದುರಿಗೆ ಮರಳು ಲಾರಿ ತೆವಳ್ತಿರುವಾಗ ಗೇರು ಬದಲಿಸದೇ ಮುಂದೆ ನುಗ್ಗಿಸೋದು ಟಾರ್ಕ್. ಅದು ಇವುಗಳಲ್ಲಿ ಧಾರಾಳ. 2023ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರಕ್ಕೂ 5 ಸ್ಟಾರ್ ಬಂದಿದೆ. ನನ್ನ ಪ್ರಕಾರ ಕುದುರೆಗಿಂತ ಇದು ದೊಡ್ಡದು.

ಈಗ ರಸ್ತೆಗೆ ಬನ್ನಿ. ವರ್ಟಸ್ ನೆಲದಿಂದ 179 ಮಿಲಿಮೀಟರ್ ಎತ್ತರ. ಸೆಡಾನ್‌ಗೆ ಇದು ಚೆನ್ನಾಗೇ ಇದೆ, ಆದರೆ ಅದು ಖಾಲಿ ಕಾರಿನ ಲೆಕ್ಕ ಸ್ವಾಮಿ! ಐದು ಜನ ಕೂತು ಡಿಕ್ಕಿ ತುಂಬಿದ ಮೇಲೆ ನಮ್ಮೂರ ಹಂಪ್‌ಗಳು ಸುಮ್ಮನೆ ಬಿಡ್ತಾವಾ?

ದುಡ್ಡಿನ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ 17. ಹದಿನೆಂಟು ಲಕ್ಷದ ಕಾರಿಗೆ 3 ಲಕ್ಷದ 6 ಸಾವಿರ, ಸೆಸ್ಸು, ಇನ್ಶೂರೆನ್ಸು ಬೇರೆ. ಹತ್ತು ಲಕ್ಷ ಸಾಲಕ್ಕೆ ಶೇಕಡಾ 9ರ ಬಡ್ಡಿ ಅಂದ್ರೂ ಐದು ವರ್ಷ, ತಿಂಗಳಿಗೆ ಸುಮಾರು 20,750 ರೂಪಾಯಿ ಕಂತು. ಸಂಬಳದವರಿಗೆ ಇದು ಬರೀ ಲೆಕ್ಕ. ಟೊಮೇಟೊ ಬೆಳೆಯೋರಿಗೆ ಹಾಗಲ್ಲ. 2023ರ ಜುಲೈನಲ್ಲಿ ಅಂಗಡಿಯಲ್ಲಿ ಕೆಜಿಗೆ ನೂರು ದಾಟಿದ್ದ ಟೊಮೇಟೊ ಸೆಪ್ಟೆಂಬರ್‌ಗೆಲ್ಲಾ ನೆಲ ಕಚ್ಚಿತ್ತು. ಕಂತು ಮಾತ್ರ ನೆಲ ಕಚ್ಚಲ್ಲ.

ಹಾಗಂತ ಆಸೆ ಬಿಡಿ ಅನ್ನಲಿಲ್ಲ ನಾನು. ಅದೇ ವರ್ಟಸ್‌ನಲ್ಲಿ 1.0 ಲೀಟರ್ ಎಂಜಿನ್ ಇದೆ. 115 ಪಿಎಸ್, 178 ನ್ಯೂಟನ್ ಮೀಟರ್. ಬಾಡಿ ಅದೇ, ಡಿಕ್ಕಿಯೂ ಅದೇ 521 ಲೀಟರ್, ಬೆಲೆ ಮಾತ್ರ ಕಮ್ಮಿ. ಮ್ಯಾನುವಲ್ ಗೇರಿನದ್ದು ತಗೊಂಡ್ರೆ ಇನ್ನೂ ಉಳಿಯುತ್ತೆ, ಸಾಲ ಅಷ್ಟು ಕರಗುತ್ತೆ. ನನ್ನ ಓಟು ಅದಕ್ಕೇ.

ಟೆಸ್ಟ್ ಡ್ರೈವ್‌ಗೆ ಅಮ್ಮನನ್ನ ಹಿಂದಿನ ಸೀಟಿನಲ್ಲಿ ಕೂರಿಸ್ಕೊಂಡು ಊರ ಹಂಪ್ ಹತ್ತಿಸಿ ನೋಡಪ್ಪಾ, ತಗ್ಗಿನ ಸೀಟಿನಿಂದ ಮಂಡಿನೋವಿನವರು ಏಳೋದು ಕಷ್ಟ ಅಂದೆ.

'ಅಮ್ಮ ಮುಂದೇನೇ ಕೂರೋದು ಸಾರ್. ಹಿಂದೆ ಕೂತ್ರೆ ವಾಂತಿ' ಅಂದ.