ಹಳೆಯ ಗಿಟಾರ್‌ನ ಕಲೆ: ಉಜ್ಜುವ ಮುನ್ನ ಮರವನ್ನು ಅರಿಯಿರಿ

ಬಳಸಿದ ಗಿಟಾರ್ ಕಡಿಮೆ ಬೆಲೆಗೆ ದೊರೆಯುತ್ತದೆ, ನಿಜ. ಆದರೆ ಅದರೊಂದಿಗೆ ಹಿಂದಿನ ಮಾಲೀಕರ ಬೆರಳಿನ ಜಿಡ್ಡು, ಸ್ವರಸ್ಥಾನ ಗುರುತಿಸಲು ಅಂಟಿಸಿದ ಚೀಟಿಗಳ ಗೋಂದು, ಪೆನ್ನಿನ ಗೀಟುಗಳೂ ಬರುತ್ತವೆ. ಇವನ್ನು ತೆಗೆಯುವ ಆತುರದಲ್ಲಿ ಫ್ರೆಟ್‌ಬೋರ್ಡನ್ನೇ ಕೆಡಿಸಿಕೊಳ್ಳುವವರುಂಟು.

ಮೊದಲು ಮರ ಯಾವುದೆಂದು ನೋಡಬೇಕು. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ, ಅಂದರೆ ರೋಸ್‌ವುಡ್, ಹಾಗೂ ಕಪ್ಪನೆಯ ಎಬೊನಿ ಫ್ರೆಟ್‌ಬೋರ್ಡ್‌ಗಳಿಗೆ ಸಾಮಾನ್ಯವಾಗಿ ಮೆರುಗಿನ ಲೇಪವಿರುವುದಿಲ್ಲ. ತಿಳಿಬಣ್ಣದ ಮೇಪಲ್‌ಗೆ ಹೆಚ್ಚಾಗಿ ಲೇಪವಿರುತ್ತದೆ. ಅದನ್ನು ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ, ಕೂಡಲೇ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಉಜ್ಜಿದರೆ ಮೆರುಗು ಮಾಸುತ್ತದೆ.

ಲೇಪವಿಲ್ಲದ ಮರವಾದರೆ ತಂತಿಗಳನ್ನು ಸಡಿಲಿಸಿ ತೆಗೆಯಬೇಕು. ಅಂಟಿನ ಕಲೆಗೆ ಲೈಟರ್‌ಗಳಲ್ಲಿ ಬಳಸುವ ನಾಫ್ತಾ ದ್ರವವನ್ನು ಬಟ್ಟೆಗೆ ಹನಿಸಿ, ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ, ಬಳಿಕ ಒರೆಸಬಹುದು. ಅದು ಬೇಗ ಹೊತ್ತಿಕೊಳ್ಳುವ ವಸ್ತು. ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಗಟ್ಟಿ ಜಿಡ್ಡಿದ್ದರೆ 0000 ದರ್ಜೆಯ ನವಿರಾದ ಸ್ಟೀಲ್ ವುಲ್‌ನಿಂದ ಮರದ ಎಳೆಯ ಗುಂಟ ಮೃದುವಾಗಿ ಉಜ್ಜಬೇಕು. ಎಲೆಕ್ಟ್ರಿಕ್ ಗಿಟಾರ್ ಆದರೆ ಪಿಕಪ್‌ಗಳನ್ನು ಮೊದಲೇ ಟೇಪಿನಿಂದ ಮುಚ್ಚಬೇಕು. ಇಲ್ಲವಾದರೆ ಉಕ್ಕಿನ ಪುಡಿ ಅವುಗಳ ಅಯಸ್ಕಾಂತಕ್ಕೆ ಅಂಟುತ್ತದೆ. ಕೊನೆಗೆ ಮಿನರಲ್ ಆಯಿಲ್‌ನ ಕೆಲವೇ ಹನಿ ಸವರಿ, ಕೆಲ ನಿಮಿಷಗಳಲ್ಲಿ ಒರೆಸಿ ತೆಗೆಯಬೇಕು. ಅಡುಗೆ ಎಣ್ಣೆ ಸಲ್ಲದು. ಅದು ಕ್ರಮೇಣ ಕಮಟು ಹಿಡಿದು ಅಂಟಾಗುತ್ತದೆ.

ಇಷ್ಟಾದರೂ ಹೋಗದ ಕಲೆ ಮರದೊಳಕ್ಕೆ ಇಳಿದಿರಬಹುದು, ಇಲ್ಲವೇ ಉಗುರು ತಾಗಿ ಉಂಟಾದ ಸವೆತವಿರಬಹುದು. ಸ್ಯಾಂಡ್‌ಪೇಪರ್‌ನಿಂದ ಕೆರೆದರೆ ಕಲೆಯೊಡನೆ ಮರವೂ ಹೋಗುತ್ತದೆ. ಹೋದ ಮರ ಮರಳಿ ಬಾರದು. ನುಡಿಸಲು ಅಡ್ಡಿಯಾಗದ ಕಲೆಯನ್ನು ಹಾಗೆಯೇ ಬಿಡುವುದು ಲೇಸು.