ಜಾವಾಗೆ ಕೆಮ್ಮು: ಕಾರ್ಬುರೇಟರಿನದೋ, ಸೀಲಿನದೋ?

ಹಳೆಯ ಜಾವಾ ಅಥವಾ ಯೆಜ್ಡಿ ಇಟ್ಟುಕೊಂಡವರ ಮನೆಯನ್ನು ಗುರುತಿಸುವುದು ಸುಲಭ. ಗೇಟಿನೊಳಗೆ ಗಾಡಿ ನಿಲ್ಲುವ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆ ಇರುತ್ತದೆ. ಎಷ್ಟು ಸೋಪಿನ ಪುಡಿ ಹಾಕಿ ತಿಕ್ಕಿದರೂ ಹೋಗದ ಕಲೆ ಅದು. ಅಪ್ಪನ ಕಾಲದ ಗಾಡಿಯನ್ನು ಮಾರಲು ಮನಸ್ಸು ಬಾರದೆ, ನೆಮ್ಮದಿಯಾಗಿ ಓಡಿಸಲೂ ಆಗದೆ ಇಟ್ಟುಕೊಂಡ ಮಗನ ದೂರು ಸಾಮಾನ್ಯವಾಗಿ ಎರಡು. ಕಾರ್ಬುರೇಟರನ್ನು ಎಷ್ಟು ಸಲ ಬಿಚ್ಚಿ ತೊಳೆದರೂ ಎಂಜಿನ್ ಹದಕ್ಕೆ ಬರುತ್ತಿಲ್ಲ ಎಂಬುದು ಒಂದು. ಆಯಿಲ್ ಸೋರುತ್ತಿದೆ ಎಂಬುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ರಿಪೇರಿ, ಬೇರೆ ಬೇರೆ ಖರ್ಚು. ಆದರೆ ಈ ಗಾಡಿಗಳ ಮಟ್ಟಿಗೆ ಎಷ್ಟೋ ಸಲ ಎರಡರ ಮೂಲವೂ ಒಂದೇ. ಅದನ್ನು ತಿಳಿಯದೆ ಕಾರ್ಬುರೇಟರಿನ ಸ್ಕ್ರೂಗಳನ್ನು ತಿರುಗಿಸುತ್ತಾ ಹೋದರೆ ಕೊನೆಗೆ ಹಾಳಾಗುವುದು ಪಿಸ್ಟನ್.

ಈ ಗಾಡಿಗಳ ತವರು ಮೈಸೂರು. ಜೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಹುಟ್ಟಿದ ಜಾವಾ ಎಂಬ ಹೆಸರು, ಕಂಪೆನಿ ಕಟ್ಟಿದ ಯಾನೆಚೆಕ್ ಮತ್ತು ಅವರು ಕೊಂಡ ವಾಂಡರರ್ ಎಂಬ ಎರಡು ಹೆಸರುಗಳ ಮೊದಲಕ್ಷರಗಳ ಜೋಡಣೆ. ಅದೇ ಗಾಡಿಯನ್ನು ಲೈಸೆನ್ಸ್ ಪಡೆದು ಇಲ್ಲಿ ತಯಾರಿಸಲು 1960ರಲ್ಲಿ ಐಡಿಯಲ್ ಜಾವಾ ಕಂಪೆನಿ ಸ್ಥಾಪನೆಯಾಯಿತು. ಹಿಂದೆ ಇದ್ದವರು ಇರಾನಿ ಮನೆತನದ ಉದ್ಯಮಿಗಳು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹವೂ ಇತ್ತು. ಯಾದವಗಿರಿಯ ಕಾರ್ಖಾನೆಯಿಂದ 1961ರಿಂದ ಗಾಡಿಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಬಂತು. ಅದು ಇರಾನಿನ ಯಜ್ದ್ ಊರಿನ ನೆನಪು ಎನ್ನುವವರಿದ್ದಾರೆ, ಜೆಕ್ ಭಾಷೆಯಲ್ಲಿ ‘ಸವಾರಿ ಮಾಡುತ್ತಾನೆ’ ಎಂಬ ಅರ್ಥದ ಪದ ಎನ್ನುವವರೂ ಉಂಟು. 1985ರಲ್ಲಿ ಬಂದ ಹೀರೋ ಹೋಂಡಾದಂಥ ನೂರು ಸಿ.ಸಿ.ಯ ಫೋರ್ ಸ್ಟ್ರೋಕ್ ಗಾಡಿಗಳ ಮೈಲೇಜಿನ ಮುಂದೆ 250 ಸಿ.ಸಿ.ಯ ಟೂ ಸ್ಟ್ರೋಕ್ ನಿಲ್ಲಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು ನಿಜ. ಆದರೆ ಅವು ಫೋರ್ ಸ್ಟ್ರೋಕ್ ಎಂಜಿನ್ನಿನವು, ಕಾರ್ಬುರೇಟರೇ ಇಲ್ಲದವು. ಹಳೆಯ ಗಾಡಿಗೆ ಅವುಗಳಿಂದ ಹೆಸರಿನ ನೆಂಟಸ್ತಿಕೆ ಬಿಟ್ಟರೆ ಒಂದು ಬೋಲ್ಟಿನ ಉಪಕಾರವೂ ಇಲ್ಲ.

ಹಳೆಯ ಎಂಜಿನ್ ಕೆಲಸ ಮಾಡುವ ಬಗೆಯನ್ನು ನೋಡಿದರೆ ಎರಡು ದೂರುಗಳ ಸಂಬಂಧ ತಿಳಿಯುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ತಳದಲ್ಲಿ ಆಯಿಲ್ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸ್ ಖಾಲಿ. ಅದೇ ಒಂದು ಪಂಪು. ಪಿಸ್ಟನ್ ಮೇಲೇರಿದಾಗ ಅಲ್ಲಿ ಒತ್ತಡ ಇಳಿದು, ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲ್ ಮತ್ತು ಅದರಲ್ಲಿ ಬೆರೆತ ಆಯಿಲ್ ಒಳಕ್ಕೆ ನುಗ್ಗುತ್ತವೆ. ಪಿಸ್ಟನ್ ಇಳಿದಾಗ ಅವು ಅದುಮಿಕೊಂಡು ಪಕ್ಕದ ದಾರಿಯಿಂದ ಸಿಲಿಂಡರಿಗೆ ಏರುತ್ತವೆ. ಪೆಟ್ರೋಲ್ ಬಂಕಿನಲ್ಲಿ ಲೀಟರಿಗೆ ಇಷ್ಟು ಎಂದು ಅಳೆದು ಆಯಿಲ್ ಹಾಕಿಸಿಕೊಳ್ಳುತ್ತಿದ್ದುದು ಹಲವರಿಗೆ ನೆನಪಿರಬಹುದು. ಬೇರಿಂಗಿಗೂ ಪಿಸ್ಟನ್ನಿಗೂ ಸಿಗುವ ಜಿಡ್ಡು ಅಷ್ಟೇ.

ಪಂಪು ಎಂದಮೇಲೆ ಅದು ಗಾಳಿ ಬಿಡದಂತೆ ಮುಚ್ಚಿರಬೇಕು. ಎಲ್ಲಿ ಆಯಿಲ್ ಹೊರಬರಲು ಸಂದಿಯಿದೆಯೋ ಅಲ್ಲಿ ಗಾಳಿ ಒಳಹೋಗಲೂ ಸಂದಿಯಿರುತ್ತದೆ. ಹಾಗೆ ನುಗ್ಗಿದ ಗಾಳಿಯ ಲೆಕ್ಕ ಕಾರ್ಬುರೇಟರಿಗೆ ಗೊತ್ತಿಲ್ಲ. ಅದು ತನ್ನ ಮೂಲಕ ಹೋದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುತ್ತದೆ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ. ಪೆಟ್ರೋಲಿನ ಜೊತೆ ಬರಬೇಕಾದ ಆಯಿಲೂ ಕಡಿಮೆಯಾಗಿ ಒಂದು ದಿನ ಏರುದಾರಿಯಲ್ಲಿ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಉಜ್ಜಿ ನಿಲ್ಲುತ್ತದೆ.

ಹಾಗೆಂದು ಕಾರ್ಬುರೇಟರ್ ನಿರಪರಾಧಿಯೇನಲ್ಲ. ಕಿರಿದಾದ ಕೊರಳಿನಲ್ಲಿ ಗಾಳಿ ವೇಗವಾಗಿ ಹರಿದರೆ ಒತ್ತಡ ಇಳಿಯುತ್ತದೆ ಎಂದು ಇಟಲಿಯ ವೆಂಚುರಿ 1797ರಲ್ಲಿ ಬರೆದ ತತ್ವವೇ ಅದರ ಜೀವಾಳ. ಇಳಿದ ಒತ್ತಡ ಕೆಳಗಿನ ಬಟ್ಟಲಿನಿಂದ ಪೆಟ್ರೋಲನ್ನು ಸಣ್ಣ ತೂತಿನ ಮೂಲಕ ಮೇಲೆಳೆದು ತುಂತುರು ಮಾಡುತ್ತದೆ. ಈ ತೂತಿನ ಹಿತ್ತಾಳೆ ತುಂಡೇ ಜೆಟ್. ನಿಂತಲ್ಲೇ ಎಂಜಿನ್ ಓಡಲು ಬೇಕಾದ ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ತಿಂಗಳುಗಟ್ಟಲೆ ಗಾಡಿ ನಿಂತರೆ ಬಟ್ಟಲಿನ ಪೆಟ್ರೋಲ್ ಆರಿ ಅಂಟಾಗುತ್ತದೆ, ಮೊದಲು ಕಟ್ಟಿಕೊಳ್ಳುವುದು ಈ ತೂತು. ಆಗ ಗಾಡಿ ಆಕ್ಸಿಲರೇಟರ್ ಕೊಟ್ಟರೆ ಓಡುತ್ತದೆ, ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಆರುತ್ತದೆ. ಜೆಟ್ ಬಿಚ್ಚಿ ತೊಳೆದು ಗಾಳಿ ಹಾಯಿಸಿದರೆ ಸಾಕು. ಉಕ್ಕಿನ ತಂತಿ ತೂರಿಸುವುದು ಮಾತ್ರ ತಪ್ಪು. ಹಿತ್ತಾಳೆ ಸವೆದು ತೂತು ದೊಡ್ಡದಾದರೆ ಮತ್ತೆ ಸರಿಪಡಿಸಲಾಗದು.

ಬಟ್ಟಲಿನಲ್ಲಿ ತೇಲುವ ಹಿತ್ತಾಳೆಯ ಫ್ಲೋಟಿನದು ಇನ್ನೊಂದು ಕಥೆ. ಪೆಟ್ರೋಲ್ ಮಟ್ಟ ಏರಿದಾಗ ಅದು ತೇಲಿ, ಒಂದು ಪಿನ್ನನ್ನು ಒತ್ತಿ, ಟ್ಯಾಂಕಿನಿಂದ ಬರುವ ದಾರಿಯನ್ನು ಮುಚ್ಚಬೇಕು. ಫ್ಲೋಟಿಗೆ ಕಣ್ಣಿಗೆ ಕಾಣದ ತೂತು ಬಿದ್ದರೆ ಒಳಗೆ ಪೆಟ್ರೋಲ್ ಸೇರಿ ಮುಳುಗುತ್ತದೆ; ಕಾರ್ಬುರೇಟರ್ ಉಕ್ಕಿ ಹರಿಯುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಬಿಸಿನೀರಿನಲ್ಲಿ ಅದ್ದಿದರೆ ತೂತಿನಿಂದ ಗುಳ್ಳೆ ಏಳುತ್ತದೆ, ಅಲ್ಲಿಗೆ ಬೆಸುಗೆ. ಬೆಸುಗೆ ಜಾಸ್ತಿಯಾದರೆ ಫ್ಲೋಟ್ ಭಾರವಾಗಿ ಪೆಟ್ರೋಲ್ ಮಟ್ಟವೇ ಏರಿಬಿಡುತ್ತದೆ. ಅಕ್ಕಸಾಲಿಗರ ಕೈಯ ಹದ ಬೇಕಾದ ಕೆಲಸ ಇದು.

ಇದೆಲ್ಲ ಮಾಡಿಯೂ ಎಂಜಿನ್ ಹದಕ್ಕೆ ಬಾರದಿದ್ದರೆ? ಆಕ್ಸಿಲರೇಟರ್ ಬಿಟ್ಟರೂ ಸದ್ದು ಕೂಡಲೇ ಇಳಿಯದೆ ಎಳೆದಾಡುತ್ತಿದ್ದರೆ, ಸ್ಪಾರ್ಕ್ ಪ್ಲಗ್ಗಿನ ತುದಿ ಕಾಫಿಪುಡಿಯ ಬಣ್ಣದ ಬದಲು ಸುಣ್ಣದಂತೆ ಬಿಳಿಚಿದ್ದರೆ, ಗಮನ ಕಾರ್ಬುರೇಟರಿನಿಂದ ಕೆಳಕ್ಕೆ ಹೋಗಬೇಕು. ಕ್ರ್ಯಾಂಕಿನ ಎರಡೂ ತುದಿಯಲ್ಲಿ ರಬ್ಬರಿನ ಆಯಿಲ್ ಸೀಲ್‌ಗಳಿವೆ. ಬಲತುದಿಯಲ್ಲಿ ಡೈನಮೋ, ಅಲ್ಲಿನ ಸೀಲ್ ಸೋತರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಡೈನಮೋ ಕವರ್ ಬಿಚ್ಚಿ ನೋಡಿದರೆ ಒಳಗೆಲ್ಲ ಎಣ್ಣೆಯ ಪಸೆ. ಎಡತುದಿಯಲ್ಲಿ ಕ್ಲಚ್ಚಿನ ಚೈನು, ಅದರ ಸುತ್ತ ಗೇರ್ ಆಯಿಲ್. ಇಲ್ಲಿಯ ಸೀಲ್ ಸೋತರೆ ಕ್ರ್ಯಾಂಕ್ ಕೇಸ್ ಆ ಆಯಿಲನ್ನೇ ಹೀರಿ ಸುಡತೊಡಗುತ್ತದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ. ನೆಲದ ಮೇಲೆ ಒಂದು ಹನಿ ಬೀಳದಿದ್ದರೂ ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತದೆ. ಕಣ್ಣಿಗೆ ಕಾಣುವ ಸೋರಿಕೆಗಿಂತ ಕಾಣದ ಈ ಸೋರಿಕೆಯೇ ಹೆಚ್ಚು ಅಪಾಯದ್ದು.

ಪರೀಕ್ಷೆಯ ವಿಧಾನ ಸೈಕಲ್ ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯನ್ನು ನೆನಪಿಸುವಂಥದು. ಕಾರ್ಬುರೇಟರ್ ಮತ್ತು ಸೈಲೆನ್ಸರ್ ಕೂಡುವ ಬಾಯಿಗಳನ್ನು ಬಿಗಿಯಾಗಿ ಮುಚ್ಚಿ, ಒಳಗೆ ಐದಾರು ಪೌಂಡಿನಷ್ಟು ಮಾತ್ರ ಗಾಳಿ ತುಂಬಿ, ಸೇರುವೆಗಳಿಗೆಲ್ಲ ಸೋಪಿನ ನೀರು ಸವರಬೇಕು. ಗುಳ್ಳೆ ಎದ್ದಲ್ಲಿ ಸೋರಿಕೆ. ಎಂಜಿನ್ ಓಡುತ್ತಿರುವಾಗ ಸಂದಿಗೆ ಪೆಟ್ರೋಲ್ ಚಿಮುಕಿಸಿ ನೋಡುವ ಅಭ್ಯಾಸವೂ ಕೆಲವರಿಗಿದೆ. ಬೆಂಕಿಯ ಜೊತೆ ಸರಸ ಬೇಡ. ಸೀಲ್ ಬದಲಿಸುವ ಮೊದಲು ಕ್ರ್ಯಾಂಕಿನ ತುದಿಯನ್ನು ಹಿಡಿದು ಅಲ್ಲಾಡಿಸಿ ನೋಡುವುದು ಒಳ್ಳೆಯದು. ಬೇರಿಂಗ್ ಸವೆದು ಅಲ್ಲಾಟವಿದ್ದರೆ ಹೊಸ ಸೀಲೂ ಬೇಗನೆ ಹಳತಾಗುತ್ತದೆ.

ನೆಲದ ಮೇಲಿನ ಕಲೆಗೆ ಕಾರಣ ಹೆಚ್ಚಾಗಿ ಬೇರೆಯೇ. ಜಾವಾದಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಒದ್ದು ಸ್ಟಾರ್ಟ್ ಮಾಡಿದ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಹಾಕಬಹುದು. ಬೇರೆ ಗಾಡಿ ಓಡಿಸಿದವರು ತಬ್ಬಿಬ್ಬಾಗುತ್ತಿದ್ದ ಏರ್ಪಾಡು ಇದು. ಎರಡು ಕೆಲಸ ಹೊತ್ತ ಆ ಶಾಫ್ಟ್ ಹೊರಬರುವ ತೂತು ಸವೆದು ಅಗಲವಾದರೆ ಗೇರ್ ಆಯಿಲ್ ಅಲ್ಲಿಂದ ತೊಟ್ಟಿಕ್ಕುತ್ತದೆ. ತೂತೇ ಸವೆದಿದ್ದರೆ ಲೇತ್‌ನವರಲ್ಲಿ ಬುಷ್ ಹಾಕಿಸಬೇಕು. ಇನ್ನು ಕವರಿನ ಪ್ಯಾಕಿಂಗ್. ಸೋರಿತೆಂದು ಸ್ಕ್ರೂ ಬಿಗಿದಷ್ಟೂ ಅಲ್ಯೂಮಿನಿಯಂ ಕವರ್ ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಕವರಿನ ಅಂಚನ್ನು ಮೆಲ್ಲಗೆ ಉಜ್ಜಿ ಸಮ ಮಾಡಿ, ಹೊಸ ಪ್ಯಾಕಿಂಗ್ ಇಟ್ಟು, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸೈಲೆನ್ಸರಿನ ಸೇರುವೆಯಲ್ಲಿ ಇಳಿಯುವ ಕಪ್ಪು ಅಂಟು ಮಾತ್ರ ಸೋರಿಕೆಯಲ್ಲ, ಸುಡದೆ ಉಳಿದ ಆಯಿಲ್. ಅದು ವಿಪರೀತವಾದರೆ ಮಿಶ್ರಣದಲ್ಲಿ ಆಯಿಲ್ ಹೆಚ್ಚಾಗಿರಬಹುದು ಅಥವಾ ಎಡಬದಿಯ ಸೀಲ್ ಸೋತಿರಬಹುದು.

ಈಗ ಹೊಸದೊಂದು ತೊಡಕೂ ಸೇರಿದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ಮತ್ತಷ್ಟು ತೆಳುವಾಗುತ್ತದೆ. ಅರವತ್ತು, ಎಪ್ಪತ್ತರ ದಶಕದ ರಬ್ಬರ್ ಅದನ್ನು ತಾಳುವಂಥದಲ್ಲ. ಅದು ತೇವವನ್ನೂ ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಪ್ ಎಳೆಯುವುದು ತಳದಿಂದ. ಎಂಜಿನ್ನಿಗೆ ಹೋಗುವುದು ಜಿಡ್ಡಿಲ್ಲದ ನೀರು. ಆದ್ದರಿಂದ ಭಾನುವಾರಕ್ಕೊಮ್ಮೆ ಮಾತ್ರ ಹೊರಬರುವ ಗಾಡಿಗೆ ಟ್ಯಾಂಕ್ ತುಂಬಿಸದೆ ಬೇಕಾದಷ್ಟೇ ಹಾಕಿಸಿ, ಮನೆಗೆ ಬಂದ ಮೇಲೆ ಟ್ಯಾಪ್ ಮುಚ್ಚಿ ಬಟ್ಟಲನ್ನು ಖಾಲಿ ಮಾಡುವುದು ವಾಸಿ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಈ ಗಾಡಿಗಳ ಮಾಲೀಕರು ಅಲ್ಲಲ್ಲಿ ಸೇರುತ್ತಾರೆ. ಅದಕ್ಕೆ ಹೊರಡುವ ಮುನ್ನಿನ ರಾತ್ರಿ ಗಾಡಿಯನ್ನು ಸ್ಟ್ಯಾಂಡ್ ಹಾಕಿ ಕೆಳಗೆ ಹಳೆಯ ದಿನಪತ್ರಿಕೆ ಹಾಸಿಟ್ಟರೆ ಬೆಳಿಗ್ಗೆ ಅರ್ಧ ರೋಗ ಅದರಲ್ಲೇ ಓದಬಹುದು. ಎಡಕ್ಕೆ ದಪ್ಪ ಕಲೆ ಬಿದ್ದಿದ್ದರೆ ಗೇರ್ ಆಯಿಲ್, ವಾಸನೆ ಬೀರಿ ಒಣಗಿದ ತೆಳು ಕಲೆಯಿದ್ದರೆ ಕಾರ್ಬುರೇಟರಿನ ಪೆಟ್ರೋಲ್. ಪತ್ರಿಕೆ ಶುಭ್ರವಾಗಿದ್ದು, ಡಿಪ್ ಸ್ಟಿಕ್ಕಿನಂತೆ ಅದ್ದಿದ ಕಡ್ಡಿಯಲ್ಲಿ ಮಾತ್ರ ಗೇರ್ ಆಯಿಲ್ ಇಳಿದಿದ್ದರೆ, ಸವಾರಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು ಮೊದಲು ಎಡಬದಿಯ ಕವರ್ ಬಿಚ್ಚಬೇಕು.